ವ್ಯಸನ ಬಿಡುತ್ತಿರುವವರ ಜೊತೆ ಕಲಾ ಗುಂಪು ಕಟ್ಟುವುದು: ಯಾವುದು ಮೊದಲು, ಯಾವುದು ಆಮೇಲೆ

"ಹತ್ತು ಜನ ಬಂದಿದ್ದರು, ನಾಟಕವೂ ಚೆನ್ನಾಗಿಯೇ ಆಯಿತು, ಆಮೇಲೆ ಒಬ್ಬರೂ ಈ ಕಡೆ ತಲೆಹಾಕಲಿಲ್ಲ." ಕುಡಿತ ಅಥವಾ ಮಾದಕ ವಸ್ತು ಬಿಡುತ್ತಿರುವವರಿಗಾಗಿ ಕಲಾ ಗುಂಪು ಶುರುಮಾಡಿದವರಿಂದ ನಾನು ಹೆಚ್ಚು ಸಲ ಕೇಳಿರುವ ಮಾತು ಇದು. ಕಾರಣ ಕೇಳಿದರೆ ಹಣ ಸಾಲಲಿಲ್ಲ, ಜಾಗ ಸಿಗಲಿಲ್ಲ ಎನ್ನುತ್ತಾರೆ. ಬಿಡಿಸಿ ನೋಡಿದರೆ ಬಹುಪಾಲು ಎಡವಿರುವುದು ಕ್ರಮದಲ್ಲಿ. ಮೊದಲು ಪ್ರದರ್ಶನದ ದಿನ ಗೊತ್ತುಮಾಡುತ್ತಾರೆ. ಆ ದಿನಕ್ಕೆ ಜನರನ್ನು ಹುಡುಕುತ್ತಾರೆ. ಬಂದವರಿಗೆ ಮೊದಲ ವಾರವೇ "ನಿಮ್ಮ ಕಥೆ ಹೇಳಿ" ಎನ್ನುತ್ತಾರೆ. ವೈದ್ಯರ ನಂಬರಿಗೆ ತಡಕಾಡುವುದು ಯಾರಿಗೋ ಫಿಟ್ಸ್ ಬಂದ ಮೇಲೆ. ಕೆಳಗಿನ ಹಂತಗಳಲ್ಲಿ ಇದೇ ಕೆಲಸಗಳು ಇದಕ್ಕೆ ತದ್ವಿರುದ್ಧ ಕ್ರಮದಲ್ಲಿವೆ.

ಇದರಿಂದ ಎಷ್ಟು ನಿರೀಕ್ಷಿಸಬಹುದು ಎಂಬುದನ್ನೂ ತಿಳಿದು ಹೊರಡಿ. ಮಾದಕ ವಸ್ತು ಸಮಸ್ಯೆಯಲ್ಲಿ ಸಂಗೀತ ಚಿಕಿತ್ಸೆಯ ಬಗ್ಗೆ 2022ರಲ್ಲಿ ಪ್ರಕಟವಾದ ಕೊಕ್ರೇನ್ ವಿಮರ್ಶೆ (ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡುವ ವರದಿ) 21 ಪ್ರಯೋಗಗಳನ್ನು, 1,984 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ಮಾಮೂಲಿ ಚಿಕಿತ್ಸೆಯ ಜೊತೆಗೆ ಸಂಗೀತ ಚಿಕಿತ್ಸೆ ಸೇರಿದಾಗ ಬೇಕೆನ್ನುವ ತುಡಿತ ತಗ್ಗಿತ್ತು, ಚಿಕಿತ್ಸೆ ಪಡೆಯುವ, ಬದಲಾಗುವ ಮನಸ್ಸು ಹೆಚ್ಚಿತ್ತು. ಖಿನ್ನತೆಯ ಮೇಲೆ ಮಾತ್ರ ಸ್ಪಷ್ಟ ಪರಿಣಾಮ ಕಾಣಲಿಲ್ಲ. ಅದೂ ತರಬೇತಿ ಪಡೆದ ಚಿಕಿತ್ಸಕರು ನಡೆಸಿದ್ದು. ನಿಮ್ಮ ಹಾಡಿನ ಗುಂಪಿಗೆ ಅಷ್ಟೇ ಫಲ ಸಿಗುತ್ತದೆ ಎಂದುಕೊಳ್ಳಬೇಡಿ. "ಜೊತೆಗೆ ಸೇರಿದಾಗ" ಎಂಬ ಪದಗಳಿಗೆ ಅಡಿಗೆರೆ ಎಳೆದುಕೊಳ್ಳಿ.

## ಹಂತ 1: ಗುಂಪು ಯಾರಿಗೆ ಎಂದು ಒಂದು ಸಾಲಿನಲ್ಲಿ ಬರೆಯಿರಿ

ಬಿಡುತ್ತಿರುವವರಿಗೋ, ಇನ್ನೂ ಶುರುವೇ ಮಾಡದ ಹುಡುಗ ಹುಡುಗಿಯರಿಗೋ, ಅಥವಾ ಮನೆಯಲ್ಲಿ ಇದನ್ನೆಲ್ಲ ಸಹಿಸಿ ಸಾಕಾದ ಹೆಂಡತಿ, ತಂದೆತಾಯಿ, ಮಕ್ಕಳಿಗೋ? ಮೂರೂ ಬೇರೆ ಬೇರೆ ಗುಂಪುಗಳು. "ಎಲ್ಲರಿಗೂ ಸ್ವಾಗತ" ಎಂದು ಬರೆದ ಕಡೆ ಹದಿನಾರರ ಹುಡುಗನೂ ಹತ್ತು ವರ್ಷ ಕುಡಿದವರೂ ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಹುಡುಗನಿಗೆ ಅದು ಸಾಹಸದ ಕಥೆಯಾಗುತ್ತದೆ, ದೊಡ್ಡವರು ಅವನೆದುರು ಬಾಯಿ ಬಿಡುವುದಿಲ್ಲ.

ಹಂತ 2ರಿಂದ 9ರವರೆಗೆ ಬಿಡುತ್ತಿರುವವರ ಗುಂಪಿನ ಮಾತು. ಮಕ್ಕಳ ಗುಂಪಿನ ಲೆಕ್ಕವೇ ಬೇರೆ, ಅದು ಹಂತ 10ರಲ್ಲಿದೆ.

## ಹಂತ 2: ಬಣ್ಣ ಕೊಳ್ಳುವ ಮೊದಲು ವೈದ್ಯರ ಜೊತೆ ಮಾತಾಡಿ

ಗುಂಪಿಗೆ ಸೇರಿದ ಹುರುಪಿನಲ್ಲಿ ಒಬ್ಬರು "ಇವತ್ತಿನಿಂದ ಒಂದು ಹನಿಯೂ ಮುಟ್ಟಲ್ಲ" ಎನ್ನುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅಪಾಯ ಇರುವುದು ಆ ಚಪ್ಪಾಳೆಯಲ್ಲೇ.

ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿಯುತ್ತಿದ್ದವರು ತಟ್ಟನೆ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು, ನಿದ್ದೆಗೇಡು ಶುರುವಾಗಬಹುದು. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ 48 ಗಂಟೆಗಳಲ್ಲಿ. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಎಲ್ಲಿದ್ದೇನೆಂಬ ಅರಿವು ತಪ್ಪುತ್ತದೆ, ಇಲ್ಲದ್ದು ಕಾಣುತ್ತದೆ, ಮೈ ಬಿಸಿಯಾಗಿ ಎದೆಬಡಿತ ಏರುತ್ತದೆ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಬೆಂಜೋಡಯಾಜೆಪೀನ್ ಗುಂಪಿನ ನಿದ್ದೆ ಮಾತ್ರೆ, ಆತಂಕದ ಮಾತ್ರೆಗಳನ್ನು ಬಹುಕಾಲ ನುಂಗಿದವರು ಒಮ್ಮೆಗೇ ನಿಲ್ಲಿಸಿದರೂ ಫಿಟ್ಸ್‌ನ ಭಯವಿದೆ. ಆದ್ದರಿಂದ ಯಾರಾದರೂ "ಇವತ್ತಿನಿಂದ ಬಿಟ್ಟೆ" ಎಂದರೆ ನಿಮ್ಮ ಮೊದಲ ಪ್ರಶ್ನೆ "ಡಾಕ್ಟರಿಗೆ ಹೇಳಿದ್ದೀರಾ?" ಎಂಬುದಾಗಿರಲಿ. ಹೊಗಳಿಕೆ ಆಮೇಲೆ.

ಈ ಹಂತದಲ್ಲಿ ಕೈಯಲ್ಲಿರಬೇಕಾದದ್ದು:

- ನೀವು ಕಳಿಸಿದವರನ್ನು ನೋಡಲು ಒಪ್ಪಿದ ಒಬ್ಬ ವೈದ್ಯರು ಅಥವಾ ಒಂದು ವ್ಯಸನಮುಕ್ತಿ ಕೇಂದ್ರ. ಒಪ್ಪಿಗೆ ಮೊದಲೇ ಆಗಿರಬೇಕು.
- ಬಾಗಿಲ ಪಕ್ಕ ಅಂಟಿಸಿದ ಒಂದು ಹಾಳೆ: ಆಂಬುಲೆನ್ಸ್, ತುರ್ತು ಚಿಕಿತ್ಸೆ ಇರುವ ಆಸ್ಪತ್ರೆ, ಸಹಾಯವಾಣಿ, ಆ ದಿನ ಗಾಡಿ ತಂದಿರುವವರ ಹೆಸರು.
- ಪ್ರತಿಯೊಬ್ಬರಿಂದಲೂ ಅವರೇ ಬರೆದುಕೊಟ್ಟ ಒಂದು ಹೆಸರು: ತೊಂದರೆಯಾದರೆ ಯಾರಿಗೆ ಫೋನು ಮಾಡಬೇಕು, ಯಾರಿಗೆ ಮಾಡಲೇಬಾರದು. ಎರಡನೆಯದನ್ನು ಕೇಳಲು ಬಹಳ ಜನ ಮರೆಯುತ್ತಾರೆ.

ಹೆರಾಯಿನ್‌ನಂಥ ವಸ್ತುಗಳ ಚಟಕ್ಕೆ ವೈದ್ಯರು ಕೊಡುವ ಮೆಥಡೋನ್, ಬ್ಯುಪ್ರನಾರ್ಫಿನ್‌ನಂಥ ಔಷಧಿಯ ಮೇಲಿರುವವರನ್ನು "ಇನ್ನೂ ಬಿಟ್ಟಿಲ್ಲ" ಎಂದು ಹೊರಗಿಡಬೇಡಿ. ಅದು ಚಿಕಿತ್ಸೆ. ಔಷಧಿ ನಿಲ್ಲಿಸಿ ಬನ್ನಿ ಎನ್ನುವ ಅಧಿಕಾರ ಬಣ್ಣ ಹಚ್ಚಿಸುವವರಿಗಿಲ್ಲ.

## ಹಂತ 3: ನಡೆಸಲು ಇಬ್ಬರು ಬೇಕು

ಒಬ್ಬರು ಕಲೆ ಬಲ್ಲವರು. ಇನ್ನೊಬ್ಬರು ಆಪ್ತಸಮಾಲೋಚಕರು, ಅಥವಾ ಬಿಟ್ಟು ಕೆಲವು ವರ್ಷ ಗಟ್ಟಿಯಾಗಿ ನಿಂತವರು. ಒಬ್ಬರೇ ನಡೆಸಿದರೆ, ಯಾರಾದರೂ ಅಳುತ್ತ ಹೊರಗೆ ಹೋದ ಕ್ಷಣ ನೀವು ಅವರ ಹಿಂದೆ ಹೋಗಬೇಕೋ ಒಳಗಿರುವ ಒಂಬತ್ತು ಜನರ ಜೊತೆ ಇರಬೇಕೋ ತಿಳಿಯದೆ ನಿಲ್ಲುತ್ತೀರಿ.

ಕಲಾವಿದರಿಗೆ ಒಂದು ಗಡಿ ಹಾಕಿಕೊಡಿ. ಚಿತ್ರದಲ್ಲಿ ಕಪ್ಪು ಹೆಚ್ಚಾಗಿದೆ ಎಂದು ಬರೆದವರ ಮನಸ್ಸನ್ನು ಓದಲು ಹೊರಡಬಾರದು. ಕಲಾ ಚಿಕಿತ್ಸೆ ಬೇರೆ ತರಬೇತಿ ಬೇಡುವ ವೃತ್ತಿ. ನೀವು ನಡೆಸುತ್ತಿರುವುದು ಕಲೆಯ ಗುಂಪು. ಒಂದು ವಿನಾಯಿತಿ ಇದೆ. ಸಾಯುವ ಮಾತು ಚಿತ್ರದಲ್ಲಿ, ಹಾಡಿನಲ್ಲಿ, ತಮಾಷೆಯಲ್ಲಿ ಯಾವ ರೂಪದಲ್ಲಿ ಬಂದರೂ ಪಕ್ಕಕ್ಕೆ ಕರೆದು ನೇರವಾಗಿ ಕೇಳಿ: "ಸಾಯಬೇಕು ಅನ್ನಿಸುತ್ತಿದೆಯಾ?" ಕೇಳಿದರೆ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬೇಡ. ಹೌದು ಎಂದರೆ ಅವರನ್ನು ಒಂಟಿಯಾಗಿ ಮನೆಗೆ ಕಳಿಸಬೇಡಿ.

## ಹಂತ 4: ಕೋಣೆ, ಹೊತ್ತು, ಸಾಮಗ್ರಿ

ಹೊತ್ತಿನಿಂದ ಶುರುಮಾಡಿ. ಎಲ್ಲರಿಗೂ ಅನುಕೂಲ ಎಂದು ಭಾನುವಾರ ಬೆಳಿಗ್ಗೆ ಇಟ್ಟುಕೊಳ್ಳುವವರೇ ಹೆಚ್ಚು. ಬಂದವರನ್ನೇ ಕೇಳಿ ನೋಡಿ: ದಿನದ ಯಾವ ಗಂಟೆ ನೂಕುವುದು ಕಷ್ಟ? ಹಲವರು ಕೆಲಸ ಮುಗಿದ ಸಂಜೆಯನ್ನು ಹೇಳುತ್ತಾರೆ. ಮೊದಲು ಕುಡಿಯುತ್ತಿದ್ದ ಹೊತ್ತಿಗೇ ಗುಂಪು ಇಡಿ. ಮುಗಿದ ಮೇಲೆ ಮನೆಗೆ ಹೋಗುವ ದಾರಿಯಲ್ಲಿ ಬಾರ್ ಇದೆಯೇ ಎಂದೂ ಕೇಳಿ. ಇದ್ದರೆ ಇಬ್ಬಿಬ್ಬರು ಜೊತೆಯಾಗಿ ಹೋಗಲಿ.

ಇನ್ನು ಸಾಮಗ್ರಿ. ಒಳ್ಳೆಯ ಕಲಾವಿದರೂ ತಪ್ಪು ಮಾಡುವ ಜಾಗ ಇದು. ಥಿನ್ನರ್, ಟರ್ಪೆಂಟೈನ್, ಸ್ಪ್ರೇ ಪೇಂಟ್, ಇದ್ದಿಲ ಚಿತ್ರಕ್ಕೆ ಹೊಡೆಯುವ ಫಿಕ್ಸೆಟಿವ್, ವೈಟ್ನರ್, ಟಾಲ್ವೀನ್ ಎಂಬ ದ್ರಾವಕ ಇರುವ ಅಂಟು, ಕಟುವಾಸನೆಯ ಪರ್ಮನೆಂಟ್ ಮಾರ್ಕರ್: ಇವುಗಳಲ್ಲಿ ಹಲವನ್ನು ಜನ ನಶೆಗಾಗಿ ಮೂಸುತ್ತಾರೆ. ಹಾಗೆ ಮೂಸಿದಾಗ ಮೊದಲ ಸಲವೇ ಹೃದಯದ ಬಡಿತ ತಪ್ಪಿ ಸಾವು ಬಂದದ್ದೂ ಇದೆ. ಮೂಸುವ ಚಟ ಇಲ್ಲದವರಿಗೂ ಆ ವಾಸನೆ ಹಳೆಯದನ್ನು ಕೆರಳಿಸಬಲ್ಲದು. ಆದ್ದರಿಂದ ನೀರಿನ ಬಣ್ಣ, ಪೋಸ್ಟರ್ ಕಲರ್, ಅಕ್ರಿಲಿಕ್, ಕ್ರೇಯಾನ್, ಇದ್ದಿಲು, ಜೇಡಿಮಣ್ಣು, ನೀರಿನಲ್ಲಿ ಕರಗುವ ಬಿಳಿ ಅಂಟು, ಇಷ್ಟೇ ಸಾಕು. ಗೋಡೆಚಿತ್ರ ಬರೆಯುವುದಾದರೆ ನೀರು ಬೆರೆಸುವ ಗೋಡೆ ಬಣ್ಣ, ಕುಂಚ. ಹ್ಯಾಂಡ್ ಸ್ಯಾನಿಟೈಸರ್‌ನ ದೊಡ್ಡ ಬಾಟಲಿ ಮೇಜಿನ ಮೇಲೆ ಬೇಡ. ಅದರಲ್ಲಿ ಸಾಮಾನ್ಯವಾಗಿ 60 ಶೇಕಡಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುತ್ತದೆ. ಸೋಪು, ನೀರು ಇಡಿ. ಬ್ಲೇಡು, ಕತ್ತರಿಗಳನ್ನು ಎಣಿಸಿ ಕೊಟ್ಟು ಎಣಿಸಿ ವಾಪಸು ತೆಗೆದುಕೊಳ್ಳಿ, ಎಲ್ಲರೆದುರೇ, ಎಲ್ಲರಿಗೂ ಒಂದೇ ನಿಯಮವಾಗಿ.

ಬಿಟ್ಟ ಹೊಸತರಲ್ಲಿ ಕೈ ನಡುಗುತ್ತದೆ, ಗಮನ ಬೇಗ ಚದುರುತ್ತದೆ. ಅಂಥವರ ಕೈಗೆ ಸಣ್ಣ ಕುಂಚ, ಚಿಕ್ಕ ಹಾಳೆ ಕೊಟ್ಟರೆ ಅವಮಾನ ಮಾಡಿದಂತೆ. ದೊಡ್ಡ ಹಾಳೆ, ದಪ್ಪ ಇದ್ದಿಲು, ಮಣ್ಣು ಕೊಡಿ. ನಡುಗುವ ಕೈಯನ್ನು ಮಣ್ಣು ದೂರುವುದಿಲ್ಲ.

ಹಾಡಿನ ಗುಂಪಿಗೂ ಇಂಥದ್ದೇ ಒಂದು ಎಚ್ಚರಿಕೆ. ಕುಡಿದಾಗ ಕೇಳುತ್ತಿದ್ದ ಹಾಡುಗಳು ಪ್ರತಿಯೊಬ್ಬರಿಗೂ ಇರುತ್ತವೆ. ಮೊದಲ ದಿನ "ನಿಮ್ಮ ಮೆಚ್ಚಿನ ಹಾಡು ಯಾವುದು?" ಎಂದು ಕೇಳುವುದು ಸಲೀಸೆನಿಸಿದರೂ, ಯಾರಿಗೂ ಗೊತ್ತಿಲ್ಲದ ಹೊಸ ಹಾಡನ್ನು ಎಲ್ಲರೂ ಸೇರಿ ಕಲಿಯುವುದೇ ಕ್ಷೇಮ.

## ಹಂತ 5: ಒಪ್ಪಂದ

ಮೊದಲ ದಿನ ಒಂದು ಹಾಳೆಯಷ್ಟು. ಇಲ್ಲಿ ಕೇಳಿದ್ದು ಹೊರಗೆ ಹೋಗುವುದಿಲ್ಲ. ಆದರೆ ಜೀವಕ್ಕೆ ಅಪಾಯವಿದ್ದರೆ, ಮಗುವಿಗೆ ತೊಂದರೆಯಾಗುತ್ತಿದ್ದರೆ ನಾವು ಹೇಳಲೇಬೇಕಾಗುತ್ತದೆ. ಈ ಎರಡನೇ ಅರ್ಧವನ್ನು ನುಂಗಿಕೊಂಡು "ಏನೇ ಹೇಳಿದರೂ ಗುಟ್ಟು" ಎಂದು ಮಾತು ಕೊಡಬೇಡಿ.

ಅಮಲಿನಲ್ಲಿ ಬಂದರೆ ಏನು ಮಾಡುವುದು ಎಂದೂ ಇವತ್ತೇ ಗೊತ್ತಾಗಬೇಕು. ನಾನು ಇಟ್ಟುಕೊಂಡಿರುವ ನಿಯಮ: ಆ ದಿನ ಒಳಗೆ ಇಲ್ಲ, ಮುಂದಿನ ವಾರ ಖಂಡಿತ ಇದೆ. ಇಬ್ಬರಲ್ಲಿ ಒಬ್ಬರು ಅವರ ಜೊತೆ ಹೊರಗೆ ಕೂತು, ಸುರಕ್ಷಿತವಾಗಿ ಮನೆ ಮುಟ್ಟುವ ವ್ಯವಸ್ಥೆ ಮಾಡುತ್ತಾರೆ. ಬೈಗುಳವಿಲ್ಲ, ಉಪದೇಶವಿಲ್ಲ.

"ಕುಡುಕ", "ಗಾಂಜಾ ಗಿರಾಕಿ" ಎಂಬ ಪದಗಳನ್ನು ಕರಪತ್ರದಲ್ಲೂ ಬಳಸಬೇಡಿ. ಇದು ನಯನಾಜೂಕಿನ ಮಾತಲ್ಲ. 2010ರಲ್ಲಿ ಸಂಶೋಧಕ ಜಾನ್ ಕೆಲ್ಲಿ ಮತ್ತು ಸಂಗಡಿಗರು ಮನೋಚಿಕಿತ್ಸೆ ಕ್ಷೇತ್ರದ 500ಕ್ಕೂ ಹೆಚ್ಚು ವೃತ್ತಿಪರರಿಗೆ ಒಂದೇ ವಿವರಣೆಯನ್ನು ಎರಡು ಬಗೆಯಲ್ಲಿ ಕೊಟ್ಟರು. ಒಂದರಲ್ಲಿ ವ್ಯಕ್ತಿಗೆ ದುರ್ವ್ಯಸನಿ ಎಂಬರ್ಥದ ಹಣೆಪಟ್ಟಿ, ಇನ್ನೊಂದರಲ್ಲಿ ಕಾಯಿಲೆ ಇರುವವರು ಎಂಬ ಮಾತು. ಹಣೆಪಟ್ಟಿ ಓದಿದವರು ಆ ವ್ಯಕ್ತಿಯದೇ ತಪ್ಪು, ಶಿಕ್ಷೆಯಾಗಲಿ ಎನ್ನುವ ಕಡೆಗೆ ಹೆಚ್ಚು ವಾಲಿದರು. ಪಳಗಿದವರ ಪಾಡೇ ಹೀಗಿದ್ದರೆ ಅಕ್ಕಪಕ್ಕದ ಮನೆಯವರದ್ದು ಹೇಳಬೇಕೆ?

## ಹಂತ 6: ಮೊದಲ ಎಂಟು ವಾರ, ಯಾರ ಕಥೆಯೂ ಇಲ್ಲ

ವಾರಕ್ಕೊಮ್ಮೆ, ಒಂದೂವರೆ ಗಂಟೆ, ಅದೇ ದಿನ, ಅದೇ ಕೋಣೆ. ಬರುವವರು ಎಂಟರಿಂದ ಹನ್ನೆರಡು. ಮೂರೇ ಜನ ಬಂದರೂ ರದ್ದು ಮಾಡಬೇಡಿ. ರದ್ದಾದ ಆ ಒಂದು ಸಂಜೆಯೇ ಯಾರೋ ಒಬ್ಬರಿಗೆ ಸಾಕಾಗಿಬಿಡುತ್ತದೆ.

ವಾರ 1 ಮತ್ತು 2. ಒಂದೇ ಕೂಟದಲ್ಲಿ ಮುಗಿಯುವ ಕೆಲಸ. ಬಟ್ಟಲು ಮಾಡುವುದು, ತಾಳ ಹಿಡಿಯುವುದು, ಕೋಣೆಯ ಕಿಟಕಿಯನ್ನು ಇದ್ದಿಲಲ್ಲಿ ಬರೆಯುವುದು. ಮುಂದಿನ ವಾರಕ್ಕೆ ಏನೂ ಬಾಕಿ ಇರಬಾರದು, ಏಕೆಂದರೆ ಯಾರು ವಾಪಸು ಬರುತ್ತಾರೋ ನಿಮಗೂ ಗೊತ್ತಿಲ್ಲ.

ವಾರ 3 ಮತ್ತು 4. ಇಬ್ಬಿಬ್ಬರು ಸೇರಿ ಮಾಡುವ ಕೆಲಸ. ಒಬ್ಬರು ಶುರುಮಾಡಿದ್ದನ್ನು ಇನ್ನೊಬ್ಬರು ಮುಂದುವರಿಸುವುದು. ಜನ ಕಳಚಿಕೊಳ್ಳುವುದು ಇಲ್ಲೇ ಹೆಚ್ಚು; ಬಾರದವರಿಗೆ ಮರುದಿನ ಒಂದು ಫೋನು. "ಯಾಕೆ ಬರಲಿಲ್ಲ?" ಬೇಡ. "ನಿಮ್ಮ ಬಟ್ಟಲು ಒಣಗಿದೆ, ಎತ್ತಿಟ್ಟಿದ್ದೇನೆ" ಎನ್ನಿ.

ವಾರ 5ರಿಂದ 8. ಇಡೀ ಗುಂಪು ಸೇರಿ ಒಂದು ಕೆಲಸ: ನಾಲ್ಕು ಹಾಡು, ಒಂದು ದೊಡ್ಡ ಚಿತ್ರ, ಹತ್ತು ನಿಮಿಷದ ಪ್ರಸಂಗ. ಈ ಹೊತ್ತಿಗೆ ಸದಸ್ಯರಿಗೇ ಹೊಣೆ ಹಂಚಿ. ಬೀಗದ ಕೈ ಒಬ್ಬರ ಹತ್ತಿರ, ಬಣ್ಣದ ಲೆಕ್ಕ ಇನ್ನೊಬ್ಬರದು. ಮನೆಯಲ್ಲಿ ಚಿಲ್ಲರೆ ಕಾಸನ್ನೂ ನಂಬಿ ಕೊಡದ ಮನುಷ್ಯನ ಕೈಗೆ ಬೀಗದ ಕೈ ಕೊಟ್ಟಾಗ ಅವರು ಅದನ್ನು ಹಿಡಿದುಕೊಳ್ಳುವ ರೀತಿಯನ್ನು ನೋಡಬೇಕು.

ಕಥೆ ಯಾಕೆ ಬೇಡ? ಚಿಕಿತ್ಸೆಯಲ್ಲಿ, ಪೊಲೀಸರೆದುರು, ಮನೆಯವರೆದುರು ಅವರು ತಮ್ಮ ಕಥೆಯನ್ನು ಹೇಳಿ ಹೇಳಿ ಸವೆದಿದ್ದಾರೆ. ಈ ಕೋಣೆಯಲ್ಲಾದರೂ ಅವರು ಸ್ವರ ತಪ್ಪುವ ಗಾಯಕ, ಮಣ್ಣು ಹದ ಮಾಡುವ ಕೈ ಆಗಿ ಇರಲಿ.

## ಹಂತ 7: ಕಥೆ ತಾನಾಗಿ ಬಂದಾಗ

ಬರುತ್ತದೆ, ಸಾಮಾನ್ಯವಾಗಿ ನೀವು ಕೇಳದಿದ್ದಾಗ. ಆಗ ಅದನ್ನು ಪಾತ್ರಕ್ಕೆ ದಾಟಿಸಿ. ಬೇರೆ ಹೆಸರು, ಬೇರೆ ಊರು, ಬೇರೆ ಕೆಲಸ. "ನಾನು" ಎಂಬ ಪದವಿಲ್ಲ.

ನಾಟಕದ ಗುಂಪಿಗೆ ಬ್ರೆಜಿಲ್‌ನ ಅಗಸ್ಟೋ ಬೋಲ್ ರೂಪಿಸಿದ ಫೋರಂ ಥಿಯೇಟರ್ ಚೆನ್ನಾಗಿ ಒಗ್ಗುತ್ತದೆ. ಸೋಲುವ ಒಂದು ಸನ್ನಿವೇಶವನ್ನು ಆಡಿ ತೋರಿಸುವುದು: ಹಳೆಯ ಗೆಳೆಯ ಬಾಗಿಲು ಬಡಿದು "ಒಂದೇ ಒಂದು, ನನಗೋಸ್ಕರ" ಎನ್ನುತ್ತಾನೆ, ನಾಯಕ ಹೊರಟುಬಿಡುತ್ತಾನೆ. ಎರಡನೇ ಸಲ ಆಡುವಾಗ ನೋಡುತ್ತಿದ್ದವರಲ್ಲಿ ಯಾರು ಬೇಕಾದರೂ "ನಿಲ್ಲಿ" ಎಂದು ನಾಯಕನ ಜಾಗಕ್ಕೆ ಬಂದು ಬೇರೆ ದಾರಿ ಪ್ರಯತ್ನಿಸಬಹುದು. ಒಬ್ಬರು ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತಾರೆ, ಇನ್ನೊಬ್ಬರು ಅಕ್ಕನಿಗೆ ಫೋನು ಮಾಡುತ್ತಾರೆ, ಮತ್ತೊಬ್ಬರು ಬಾಗಿಲನ್ನೇ ತೆಗೆಯುವುದಿಲ್ಲ. ಬೇಡ ಎನ್ನುವುದಕ್ಕೂ ತಾಲೀಮು ಬೇಕು.

ಎರಡು ಕಟ್ಟುನಿಟ್ಟು. ಕುಡಿಯುವ, ಸೇದುವ, ಚುಚ್ಚಿಕೊಳ್ಳುವ ಕ್ರಿಯೆಯನ್ನು ರಂಗದ ಮೇಲೆ ಮಾಡಿ ತೋರಿಸಬೇಡಿ. ಖಾಲಿ ಬಾಟಲಿ, ಸಿರಿಂಜು ಪರಿಕರವಾಗಿಯೂ ಬೇಡ. ಚಿತ್ರದಲ್ಲಿ, ಪೋಸ್ಟರಿನಲ್ಲೂ ಅಷ್ಟೆ. ಆ ವಸ್ತುವನ್ನು ಕಂಡರೆ ಸಾಕು, ತುಡಿತ ಏಳುತ್ತದೆ. ಎರಡನೆಯದು, ಪಾತ್ರದಿಂದ ಹೊರಬರುವ ಐದು ನಿಮಿಷ: ಪಾತ್ರದ ಶಾಲು ತೆಗೆದಿಟ್ಟು, ತಮ್ಮ ನಿಜವಾದ ಹೆಸರು ಹೇಳಿ, ಇವತ್ತು ರಾತ್ರಿ ಏನು ಮಾಡುತ್ತೇನೆ ಎಂದು ಒಂದು ವಾಕ್ಯ. ಹೊತ್ತಾಯಿತೆಂದು ಈ ಐದು ನಿಮಿಷ ಕತ್ತರಿಸಬೇಡಿ. ಬೇಕಿದ್ದರೆ ನಾಟಕವನ್ನೇ ಅರ್ಧಕ್ಕೆ ನಿಲ್ಲಿಸಿ.

## ಹಂತ 8: ಮತ್ತೆ ಶುರುಮಾಡಿದರೆ

ಯಾರಾದರೂ ಮಾಡಿಯೇ ಮಾಡುತ್ತಾರೆ; ಅದನ್ನು ಯೋಜನೆಯೊಳಗೇ ಇಟ್ಟುಕೊಳ್ಳಿ. ಮುನ್ಸೂಚನೆಗಳು ಸಣ್ಣವು: ಬೇಗ ಬರುತ್ತಿದ್ದವರು ಹತ್ತು ನಿಮಿಷ ತಡ, ಕಣ್ಣು ತಪ್ಪಿಸುವುದು, "ನನಗೀಗ ಏನೂ ತೊಂದರೆಯಿಲ್ಲ" ಎಂಬ ಅತಿ ಭರವಸೆ, ತಾವೇ ಮಾಡಿದ್ದನ್ನು ಹರಿದುಹಾಕುವುದು, ಗುಂಪಿನವರ ಬಳಿ ಕೈಸಾಲ ಕೇಳುವುದು. ಒಂದು ಕಂಡರೆ ಗಮನಿಸಿ, ಎರಡು ಸೇರಿದರೆ ಮಾತಾಡಿಸಿ.

ಹೆರಾಯಿನ್‌ನಂಥ ಓಪಿಯಾಯ್ಡ್ ಬಳಸುತ್ತಿದ್ದವರ ವಿಷಯದಲ್ಲಿ ತಡ ಮಾಡುವಂತಿಲ್ಲ. ಕೆಲವು ವಾರ ಬಿಟ್ಟ ಮೇಲೆ ದೇಹದ ತಾಳಿಕೆ ಇಳಿದಿರುತ್ತದೆ, ಮೊದಲು ತೆಗೆದುಕೊಳ್ಳುತ್ತಿದ್ದ ಪ್ರಮಾಣವೇ ಈಗ ಕೊಲ್ಲಬಹುದು. ಎಬ್ಬಿಸಿದರೂ ಏಳದಿರುವುದು, ಉಸಿರು ನಿಧಾನವಾಗುವುದು ಅಥವಾ ಗೊರಗೊರ ಸದ್ದು, ತುಟಿ ನೀಲಿಯಾಗುವುದು, ಕಣ್ಣಪಾಪೆ ಸೂಜಿಮೊನೆಯಷ್ಟಾಗುವುದು: ಇವುಗಳಲ್ಲಿ ಯಾವುದು ಕಂಡರೂ ಆಂಬುಲೆನ್ಸ್. ಓಪಿಯಾಯ್ಡ್ ಅತಿಯಾದಾಗ ಅದರ ಪರಿಣಾಮ ಇಳಿಸುವ ಔಷಧಿ ನಲೋಕ್ಸೋನ್ ಸಿಗುವ ಕಡೆ ಅದನ್ನು ಕೊಡುವುದನ್ನು ನಡೆಸುವ ಇಬ್ಬರೂ ಕಲಿತಿರಬೇಕು. ಆಂಬುಲೆನ್ಸ್ ಬರುವವರೆಗೆ ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಿಟ್ಟು ಹೋಗಬೇಡಿ. ಉಸಿರು ನಿಂತಿದ್ದರೆ ಆಂಬುಲೆನ್ಸ್‌ನವರು ಫೋನಿನಲ್ಲಿ ಹೇಳಿದಂತೆ ಮಾಡಿ.

ವಾಪಸು ಬಂದವರಿಗೆ ಅವರ ಕುರ್ಚಿ, ಅವರ ಕೆಲಸ ಹಾಗೇ ಇರಲಿ. ಬೀಗದ ಕೈ ಮಾತ್ರ ಸ್ವಲ್ಪ ದಿನ ಬೇರೆಯವರ ಬಳಿ. ಅದನ್ನು ಮುಚ್ಚುಮರೆಯಿಲ್ಲದೆ ಹೇಳಿ.

## ಹಂತ 9: ಪ್ರದರ್ಶನ, ಬೇಕಿದ್ದರೆ

ಎಂಟು ವಾರವಾದ ಮೇಲೆ ಗುಂಪನ್ನೇ ಕೇಳಿ. ಬೇಡ ಎಂದರೆ ಬೇಡ. ಹಣ ಕೊಟ್ಟವರು ಒತ್ತಾಯಿಸಿದರೂ ನಾನು ಕದಲುವುದಿಲ್ಲ.

ಮಾಡುವುದಾದರೆ ಮೊದಲ ಸಲ ಮನೆಯವರೆದುರು ಮಾತ್ರ. ಹೆಸರು, ಫೋಟೊ, ವಿಡಿಯೊ ಮೂರಕ್ಕೂ ಬೇರೆ ಬೇರೆ ಒಪ್ಪಿಗೆ, ಬರವಣಿಗೆಯಲ್ಲಿ. ಇಂಟರ್ನೆಟ್ಟಿಗೆ ಹಾಕಲು ಇನ್ನೊಂದು. ಅಲ್ಲಿ ಹೋದದ್ದು ವಾಪಸು ಬರುವುದಿಲ್ಲ, ಮುಂದೊಂದು ದಿನ ಕೆಲಸ ಕೊಡುವವರೂ ಅದನ್ನೇ ನೋಡುತ್ತಾರೆ. ಗೌರವಧನವನ್ನು ಆ ರಾತ್ರಿ ನಗದಾಗಿ ಕೈಗಿಡಬೇಡಿ. ಗೆಲುವಿನ ಉಬ್ಬು, ಕೈಯಲ್ಲಿ ದುಡ್ಡು, ರಾತ್ರಿ ಹತ್ತು ಗಂಟೆ: ಮೂರೂ ಒಟ್ಟಿಗೆ ಬೇಡ. ಹೇಗೆ ಬೇಕು, ಯಾವಾಗ ಬೇಕು ಎಂದು ಅವರನ್ನೇ ಮೊದಲೇ ಕೇಳಿ.

ನನ್ನ ಮೊದಲ ಗುಂಪು ಮುರಿದದ್ದು ಪ್ರದರ್ಶನದ ಮರುವಾರ. ಎಲ್ಲರೂ ದಣಿದಿದ್ದಾರೆ ಎಂದು ಎರಡು ವಾರ ರಜೆ ಕೊಟ್ಟೆ. ಮೂರು ತಿಂಗಳು ತುಂಬಿದ್ದ ಸಂಜೆಗಳು ಒಮ್ಮೆಗೇ ಖಾಲಿಯಾದವು. ಇಬ್ಬರು ಮತ್ತೆ ಕುಡಿದರು, ಒಬ್ಬರು ಇವತ್ತಿಗೂ ಫೋನು ಎತ್ತಿಲ್ಲ. ಈಗ ಪ್ರದರ್ಶನದ ಮರುದಿನವೇ ಕೂಟ ಇಡುತ್ತೇನೆ. ಕುಂಚ ತೊಳೆಯಲು, ಪರದೆ ಮಡಿಸಲು, ನಿನ್ನೆ ಮಾತು ಮರೆತವರನ್ನು ಗೇಲಿ ಮಾಡಲು.

## ಹಂತ 10: ಮಕ್ಕಳಿಗಾದರೆ

ಬಿಟ್ಟವರನ್ನು ಶಾಲೆಗೆ ಕರೆದೊಯ್ದು ಕಥೆ ಹೇಳಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಮಾಡಬೇಡಿ. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ (ಯುಎನ್‌ಒಡಿಸಿ) ಮತ್ತು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಪರಿಷ್ಕರಿಸಿದ ತಡೆಗಟ್ಟುವಿಕೆಯ ಮಾನದಂಡಗಳು ಶಾಲೆಗಳಲ್ಲಿ ಫಲ ಕೊಡದ ವಿಧಾನಗಳ ಸಾಲಿನಲ್ಲಿ ಭಾಷಣ, ಹೆದರಿಸುವಿಕೆಗಳ ಜೊತೆ ಇದನ್ನೂ ಇಟ್ಟಿವೆ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾಗಿ ಪೊಲೀಸರು ತರಗತಿಗೆ ಬಂದು ಪಾಠ ಮಾಡುತ್ತಿದ್ದ 'ಡೇರ್' ಕಾರ್ಯಕ್ರಮವೂ ಅಷ್ಟೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 1994ರ ವಿಶ್ಲೇಷಣೆಯಲ್ಲಿ ಮಕ್ಕಳ ಮಾದಕ ವಸ್ತು ಬಳಕೆಯ ಮೇಲೆ ಅದರ ಪರಿಣಾಮ ತೀರಾ ಅಲ್ಪವೆಂದು ಕಂಡಿತು.

ಹಾಗಾದರೆ ಏನು ಮಾಡುವುದು? ಐಸ್‌ಲ್ಯಾಂಡ್‌ನಲ್ಲಿ ಹಿಂದಿನ ತಿಂಗಳು ಅಮಲೇರುವಷ್ಟು ಕುಡಿದಿದ್ದ 15–16 ವಯಸ್ಸಿನವರ ಪ್ರಮಾಣ 1998ರಲ್ಲಿ ಶೇ 42 ಇದ್ದದ್ದು 2016ರ ಹೊತ್ತಿಗೆ ಶೇ 5ಕ್ಕೆ ಇಳಿಯಿತು. ಅಲ್ಲಿ ಕಾನೂನು ಬಿಗಿಯಾಯಿತು, ತಂದೆತಾಯಿ ಮಕ್ಕಳ ಜೊತೆ ಹೆಚ್ಚು ಹೊತ್ತು ಕಳೆದರು, ಅದರೊಂದಿಗೆ ಆಟ, ಸಂಗೀತ, ನೃತ್ಯಗಳ ನಿಯಮಿತ ತರಗತಿಗಳೂ ಬೆಳೆದವು. ಪೂರ್ತಿ ಶ್ರೇಯಸ್ಸು ಕಲೆಯದ್ದಲ್ಲ. ನಿಮಗೆ ಬೇಕಾದ ಸುಳಿವು "ನಿಯಮಿತ" ಎಂಬುದರಲ್ಲಿದೆ: ಹೊಣೆಯರಿತ ದೊಡ್ಡವರಿರುವ, ಹೊತ್ತು ಗೊತ್ತಿರುವ ತರಗತಿ. ಬಾಗಿಲು ತೆರೆದಿಟ್ಟು "ಬಂದು ಕೂತು ಹೋಗಿ" ಎನ್ನುವ ಅಡ್ಡೆ ಅಲ್ಲ. ತರಗತಿಯಲ್ಲಿ ಮಾದಕ ವಸ್ತುವಿನ ಹೆಸರೇ ಬಾರದಿದ್ದರೂ ಪರವಾಗಿಲ್ಲ. ವರ್ಷವಿಡೀ ನಡೆಯಲಿ. ಬೇಸಿಗೆ ರಜೆಯ ಹತ್ತು ದಿನದ ಶಿಬಿರವನ್ನು ತಡೆಗಟ್ಟುವಿಕೆ ಎಂದು ಕರೆಯಬೇಡಿ, ಅದು ಶಿಬಿರ.

## ಹಂತ 11: ಪುಸ್ತಕ

ನೋಡಲು ಎಷ್ಟು ಜನ ಬಂದಿದ್ದರು ಎಂಬುದನ್ನು ಬರೆಯಬೇಡಿ. ಬರೆಯಬೇಕಾದದ್ದು: ಇವತ್ತು ಯಾರು ಬಂದರು, ಬಾರದವರಿಗೆ ಯಾರು ಫೋನು ಮಾಡಿದರು, ತಪ್ಪಿದವರಲ್ಲಿ ಎಷ್ಟು ಜನ ವಾಪಸು ಬಂದರು, ಎಷ್ಟು ಜನ ಚಿಕಿತ್ಸೆಯಲ್ಲಿ ಮುಂದುವರಿದಿದ್ದಾರೆ. ಹೆಸರಿನ ಬದಲು ಗುರುತಿನ ಸಂಖ್ಯೆ ಹಾಕಿ, ಪುಸ್ತಕ ಬೀಗದೊಳಗಿರಲಿ. ಆರು ತಿಂಗಳ ಮೇಲೆ ಬಾರದವರಿಗೆ ಯಾರು ಫೋನು ಮಾಡಿದರು ಎಂಬ ಎರಡನೇ ಕಾಲಂ ಖಾಲಿ ಕಾಣುತ್ತಿದ್ದರೆ ಹೊಸ ಬಣ್ಣ ಕೊಳ್ಳುವುದನ್ನು ನಿಲ್ಲಿಸಿ, ಇವತ್ತು ಸಂಜೆ ಆ ಫೋನುಗಳನ್ನು ಮಾಡಿ.